ಒಂಬತ್ತಡಿಯ ಕೋಣೆಯಿಂದ ಬಿಡಿಭಾಗಗಳ ಬೀದಿಗೆ

ಟೋಕಿಯೋ ಮಹಾನಗರದ ವಾಯವ್ಯಕ್ಕೆ ತೊಶಿಮಾ ಎಂಬ ವಿಭಾಗವಿದೆ. ಅದರೊಳಗಿನ ಒಂದು ಬಡಾವಣೆಯ ಹೆಸರು ಮಿನಾಮಿ ನಾಗಾಸಾಕಿ. ಹೆಸರು ಕೇಳಿದೊಡನೆ ಓದುಗರ ಮನಸ್ಸು ಅಣುಬಾಂಬಿನ ಕಡೆಗೆ ಹರಿದರೆ ಆಶ್ಚರ್ಯವಿಲ್ಲ. ಆದರೆ ಆ ದುರ್ದೈವಿ ಪಟ್ಟಣವಿರುವುದು ಇಲ್ಲಿಂದ ಬಹುದೂರದ ಕ್ಯೂಷೂ ದ್ವೀಪದಲ್ಲಿ. ಇದು ಕಿರಿದಾದ ಬೀದಿಗಳ, ಸಣ್ಣಪುಟ್ಟ ಅಂಗಡಿಗಳ, ಗದ್ದಲವಿಲ್ಲದ ಸಂಸಾರವಂದಿಗರ ಬಡಾವಣೆ. ಇಲ್ಲಿನ ಉದ್ಯಾನವೊಂದರಲ್ಲಿ ಎರಡಂತಸ್ತಿನ ಮರದ ಮನೆಯೊಂದು ನಿಂತಿದೆ. ಗೋಡೆ ಮಾಸಿದೆ, ಮೆಟ್ಟಿಲು ಕಿರುಗುಟ್ಟುತ್ತದೆ, ಮಹಡಿಯ ಮೇಲಿನ ಅಡಿಗೆಮನೆಯಲ್ಲಿ ಹಳೆಯ ಕಾಲದ ಕೊಳೆ ಕಾಣುತ್ತದೆ. ನೋಡಿದವರು ಎಪ್ಪತ್ತು ವರ್ಷದ ಕಟ್ಟಡವೆಂದೇ ನಂಬಬೇಕು. ವಾಸ್ತವವಾಗಿ ಇದರ ಬಾಗಿಲು ತೆರೆದದ್ದು ೨೦೨೦ರ ಜುಲೈ ೭ರಂದು. ಆ ಮಾಸಲು, ಆ ಕೊಳೆ ಎಲ್ಲವೂ ಕುಶಲಿಗಳ ಕೈಕೆಲಸ.

ಇದರ ಮೂಲವಾದ ‘ತೊಕಿವಾಸೋ’ ಎಂಬ ವಠಾರ ಇದೇ ಬಡಾವಣೆಯಲ್ಲಿ ೧೯೫೨ರಲ್ಲಿ ಎದ್ದು ೧೯೮೨ರಲ್ಲಿ ನೆಲಸಮವಾಯಿತು. ಒಂದೊಂದು ಕೋಣೆಯ ನೆಲಕ್ಕೂ ನಾಲ್ಕೂವರೆ ಚಾಪೆ. ಅಂದರೆ ಒಂಬತ್ತಡಿ ಉದ್ದ, ಒಂಬತ್ತಡಿ ಅಗಲ. ಅಡಿಗೆಮನೆ, ಪಾಯಿಖಾನೆ ಎಲ್ಲರಿಗೂ ಸೇರಿದ್ದು; ಸ್ನಾನದ ಮನೆಯೇ ಇರಲಿಲ್ಲ. ಇಂಥ ವಠಾರವನ್ನು ಒಂದು ನಗರ ಲಕ್ಷ್ಯಕೊಟ್ಟು ಮತ್ತೆ ಕಟ್ಟಿಸಿತೆಂದರೆ ಅದಕ್ಕೆ ಕಾರಣ ಅಲ್ಲಿದ್ದ ಬಾಡಿಗೆದಾರರು. ಜಪಾನಿನ ಚಿತ್ರಕಥೆಯಾದ ಮಾಂಗಾ, ಚಲಿಸುವ ಚಿತ್ರವಾದ ಅನಿಮೆ, ಇವೆರಡರ ಇಂದಿನ ವೈಭವದ ಬೇರುಗಳಲ್ಲಿ ಹಲವು ಈ ಒಂಬತ್ತಡಿಯ ಕೋಣೆಗಳಲ್ಲಿವೆ.

೧೯೫೩ರಲ್ಲಿ ಇಲ್ಲಿಗೆ ಬಂದವನು ತೆಜುಕಾ ಒಸಾಮು. ವೈದ್ಯವಿದ್ಯೆ ಕಲಿತು ಕುಂಚ ಹಿಡಿದ ಯುವಕ. ಮರುವರ್ಷ ಅವನು ಕೋಣೆ ಬಿಟ್ಟಾಗ, ಬರಿಗೈಯವರಾಗಿದ್ದ ಇಬ್ಬರು ಗೆಳೆಯರಿಗೆ ಅದನ್ನು ಒಪ್ಪಿಸಿ, ತಾನು ಕಟ್ಟಿದ್ದ ಠೇವಣಿಯನ್ನೂ ಅವರಿಗಾಗಿ ಉಳಿಸಿಹೋದ. ಆ ಗೆಳೆಯರೇ ಫುಜಿಕೋ ಫುಜಿಯೋ ಎಂಬ ಜಂಟಿ ಹೆಸರಿನಲ್ಲಿ ಬರೆದ ಫುಜಿಮೋತೋ ಮತ್ತು ಅಬಿಕೋ. ಭಾರತದ ಮಕ್ಕಳೂ ಟೆಲಿವಿಷನ್ನಿನಲ್ಲಿ ಕಣ್ಣು ಕೀಲಿಸಿ ನೋಡುವ ‘ಡೋರೆಮಾನ್’ ಬೆಕ್ಕಿನ ಜನಕ ಈ ಫುಜಿಮೋತೋ. ೧೯೫೬ರಲ್ಲಿ ಇಶಿನೋಮೋರಿ ಶೋತಾರೋ, ಅಕಾತ್ಸುಕಾ ಫುಜಿಯೋ ಬಂದರು. ಅಕಾತ್ಸುಕಾ ಅಡಿಗೆಮನೆಯ ತೊಟ್ಟಿಯಲ್ಲೇ ಸ್ನಾನ ಮುಗಿಸುತ್ತಿದ್ದನೆಂಬ ಕಥೆ ಇಂದಿಗೂ ಪ್ರಚಲಿತ.

ಬಡತನ ಪ್ರತಿಭೆಯನ್ನು ಹುಟ್ಟಿಸುತ್ತದೆಂದು ಯಾರೂ ತಿಳಿಯಬಾರದು; ಹಾಗಿದ್ದರೆ ಲೋಕದಲ್ಲಿ ಪ್ರತಿಭಾವಂತರಿಗೆ ಬರವೇ ಇರುತ್ತಿರಲಿಲ್ಲ. ಈ ವಠಾರದ ಗುಟ್ಟು ಬೇರೆ. ತೆಜುಕಾನ ಕೈಗೆ ಬಂದ ಸಾಮಗ್ರಿಯನ್ನು ನೋಡಬೇಕು. ಡಿಸ್ನಿಯ ‘ಬ್ಯಾಂಬಿ’ ಚಿತ್ರವನ್ನು ಅವನು ಮತ್ತೆ ಮತ್ತೆ, ಎಂಬತ್ತಕ್ಕೂ ಹೆಚ್ಚು ಸಲ ನೋಡಿದ್ದಾಗಿ ಹೇಳಿಕೊಂಡಿದ್ದಾನೆ. ೧೯೫೦ರಲ್ಲಿ ಗಯಟೆಯ ‘ಫೌಸ್ಟ್’ ನಾಟಕವನ್ನೂ ೧೯೫೩ರಲ್ಲಿ ದಾಸ್ತೋಯೆವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ಯನ್ನೂ ಮಕ್ಕಳ ಚಿತ್ರಕಥೆಗೆ ಇಳಿಸಿದ. ಬಾಲ್ಯ ಕಳೆದ ತಕರಾಜುಕಾ ಪಟ್ಟಣದಲ್ಲಿ ಗಂಡಸಿನ ಪಾತ್ರವನ್ನೂ ಹೆಂಗಸರೇ ವಹಿಸುವ ಪ್ರಸಿದ್ಧ ರಂಗಮಂಡಲಿಯೊಂದಿದೆ. ಅದರ ನೆನಪಿನಿಂದ ಗಂಡುವೇಷದ ರಾಜಕುಮಾರಿಯ ಕಥೆ ೧೯೫೩ರಲ್ಲಿ ಹುಟ್ಟಿತು. ಮುಂದೆ, ೧೯೭೨ರಿಂದ ೧೯೮೩ರವರೆಗೆ, ಕಪಿಲವಸ್ತುವಿನ ಸಿದ್ಧಾರ್ಥನ ಚರಿತೆಯನ್ನು ಬರೆದ. ಇವೆಲ್ಲ ಎರವಲೇ. ಎರವಲು ದೋಷವಲ್ಲ, ವ್ಯಾಸರ ಕಥೆಯನ್ನೇ ಪಂಪನೂ ಹೇಳಿದ, ಕುಮಾರವ್ಯಾಸನೂ ಹೇಳಿದ. ಆದರೆ ತೆಜುಕಾ ಎರವಲು ತಂದದ್ದು ಮಾಂಗಾದ ಹೊರಗಿನಿಂದ. ಮಾಂಗಾ ಓದಿ ಮಾಂಗಾ ಬರೆಯಬೇಡಿರಿ, ಒಳ್ಳೆಯ ಸಿನಿಮಾ ನೋಡಿರಿ, ಸಂಗೀತ ಕೇಳಿರಿ, ನಾಟಕ ನೋಡಿರಿ, ಪುಸ್ತಕ ಓದಿರಿ ಎಂದು ಅವನು ಕಿರಿಯರಿಗೆ ಹೇಳುತ್ತಿದ್ದ ಬುದ್ಧಿಮಾತು ಜಪಾನಿನಲ್ಲಿ ಮನೆಮಾತಾಗಿದೆ.

ಮನೆಮಾತಾಯಿತೇ ಹೊರತು ವೃತ್ತಿಧರ್ಮವಾಗಿ ಉಳಿಯಲಿಲ್ಲ. ಅದನ್ನು ಕಾಣಬೇಕಾದರೆ ನಗರದ ನಡುಭಾಗಕ್ಕೆ ಬರಬೇಕು.

ಹಳೆಯ ಪುಸ್ತಕದ ಅಂಗಡಿಗಳಿಗೆ ಹೆಸರಾದ ಜಿಂಬೋಚೋದ ಮಗ್ಗುಲಿಗೆ ಹಿತೋತ್ಸುಬಾಶಿ ಎಂಬಲ್ಲಿ ಷೂಯೇಷಾ ಪ್ರಕಾಶನ ಸಂಸ್ಥೆಯ ಕಟ್ಟಡಗಳಿವೆ. ೧೯೬೮ರಲ್ಲಿ ಆರಂಭವಾದ ಅದರ ‘ಷೋನೆನ್ ಜಂಪ್’ ಪತ್ರಿಕೆಯ ಪ್ರಸಾರ ೧೯೯೫ರ ಸಂಚಿಕೆಯೊಂದರಲ್ಲಿ ೬೫ ಲಕ್ಷವನ್ನು ದಾಟಿತ್ತು. ಈ ಪತ್ರಿಕೆಯ ಪದ್ಧತಿಯೊಂದು ಗಮನಾರ್ಹ. ಸಂಚಿಕೆಯ ಜೊತೆಗೆ ಬರುವ ಕಾರ್ಡಿನಲ್ಲಿ ಓದುಗನು ಮೆಚ್ಚಿದ ಮೂರು ಕಥೆಗಳನ್ನು ಗುರುತಿಸಿ ಅಂಚೆಗೆ ಹಾಕುವನು. ಮತ ಬಾರದ ಧಾರಾವಾಹಿಗೆ ಹತ್ತಾರು ವಾರಗಳಲ್ಲೇ ಮಂಗಳ. ಓದುಗನೇ ನ್ಯಾಯಾಧೀಶ ಎಂಬುದು ಕೇಳಲು ಚೆನ್ನ. ಆದರೆ ನಿಧಾನವಾಗಿ ಕುದಿಯುವ ಕಥೆಗೆ ಹತ್ತು ವಾರ ಏತಕ್ಕೆ ಸಾಲುತ್ತದೆ? ತರುಣ ಲೇಖಕ ಮೊದಲ ಕಂತಿನಲ್ಲೇ ಹೊಡೆದಾಟ, ಎರಡನೆಯದರಲ್ಲಿ ಪಂದ್ಯಾವಳಿ ಇಟ್ಟರೆ ಅವನನ್ನು ದೂರುವುದು ಕಷ್ಟ. ಅವನ ಮನೆಬಾಡಿಗೆ ಆ ಕಾರ್ಡುಗಳ ಮೇಲೆ ನಿಂತಿದೆ.

ಅನಿಮೆಯ ಕಷ್ಟಕ್ಕೆ ಮೂಲಪುರುಷ ತೆಜುಕಾನೇ ಎಂಬುದು ವಿಧಿಯ ವಿನೋದ. ೧೯೬೩ರ ಜನವರಿ ೧ರಂದು ಅವನ ‘ಅಟಂ’ ಎಂಬ ಯಂತ್ರಬಾಲಕ ಟೆಲಿವಿಷನ್ನಿಗೆ ಬಂದ. ವಾರಕ್ಕೊಂದು ಕಂತನ್ನು ಒದಗಿಸಲು ಚಿತ್ರಗಳ ಸಂಖ್ಯೆಯನ್ನು ಇಳಿಸಿ, ಒಮ್ಮೆ ಬರೆದ ಚಿತ್ರವನ್ನು ಕೂಡಿಟ್ಟು ಮತ್ತೆ ಮತ್ತೆ ಬಳಸಬೇಕಾಯಿತು. ಕಂತನ್ನು ತಯಾರಿಕೆಯ ವೆಚ್ಚಕ್ಕಿಂತ ಅಗ್ಗವಾಗಿ ಮಾರಬೇಕಾಯಿತು. ಅವನ ಸಂಸ್ಥೆ ೧೯೭೩ರಲ್ಲಿ ದಿವಾಳಿಯೆದ್ದಿತು; ಅಗ್ಗದ ಪದ್ಧತಿ ಮಾತ್ರ ಉಳಿಯಿತು. ಇಂದು ಬಹುತೇಕ ಅನಿಮೆಗೆ ಹಣ ಹೂಡುವುದು ಪ್ರಕಾಶಕರು, ಆಟಿಕೆಯವರು, ಧ್ವನಿಮುದ್ರಣದವರು, ಪ್ರಸಾರದವರು ಸೇರಿದ ಒಂದು ಸಮಿತಿ. ಐದಾರು ಮಂದಿ ಸೇರಿ ಹಣ ಹಾಕುವಾಗ ಯಾರಿಗೂ ಹೊಸದರ ಭಯ ಇದ್ದೇ ಇರುತ್ತದೆ. ಆದ್ದರಿಂದ ಈಗಾಗಲೇ ಪುಸ್ತಕವಾಗಿ ಮಾರಿಹೋದ ಕಥೆಗೇ ಆದ್ಯತೆ. ಚಿತ್ರ ಬರೆಯುವವನಿಗೆ ಲಾಭದಲ್ಲಿ ಪಾಲಿಲ್ಲ. ಎರಡು ಮುಖ್ಯ ಚಿತ್ರಗಳ ನಡುವಣ ಚಲನೆಯನ್ನು ತುಂಬುವ ಕಿರಿಯ ಕಲಾವಿದನಿಗೆ ಒಂದು ಚಿತ್ರಕ್ಕೆ ಸಿಕ್ಕುವುದು ೨೦೦ ಯೆನ್ನಿನ ಆಸುಪಾಸು. ಉದ್ಯಮದ ಒಟ್ಟು ವಹಿವಾಟಾದರೋ ೨೦೨೩ರಲ್ಲಿ ೩ ಲಕ್ಷ ಕೋಟಿ ಯೆನ್ನನ್ನು ಮೀರಿತ್ತು. ಈ ಎರಡು ಅಂಕೆಗಳ ನಡುವಣ ಅಂತರದಲ್ಲಿ ಕುಳಿತವನಿಗೆ ನಾಟಕ ನೋಡುವ, ಸಂಗೀತ ಕೇಳುವ ಬಿಡುವಾದರೂ ಎಲ್ಲಿಯದು?

ಹಿತೋತ್ಸುಬಾಶಿಯಿಂದ ಈಶಾನ್ಯಕ್ಕೆ ನಡೆದೇ ಹೋಗಬಹುದಾದಷ್ಟು ದೂರದಲ್ಲಿ ಅಕಿಹಬರಾ. ಯುದ್ಧ ಮುಗಿದ ವರ್ಷಗಳಲ್ಲಿ ಇದು ರೇಡಿಯೋ ಬಿಡಿಭಾಗಗಳ ಸಂತೆ. ಬೀದಿಬದಿಯ ಅಂಗಡಿಗಳನ್ನು ತೆರವು ಮಾಡಿಸಿದಾಗ ವ್ಯಾಪಾರಿಗಳು ರೈಲುಹಳಿಯ ಸೇತುವೆಯ ಅಡಿಯಲ್ಲಿ ಗೂಡು ಮಾಡಿಕೊಂಡರು. ಕವಾಟ, ಸುರುಳಿ, ಕಂಡೆನ್ಸರುಗಳನ್ನು ಕೊಂಡು ವಿದ್ಯಾರ್ಥಿಗಳು ತಾವೇ ರೇಡಿಯೋ ಕಟ್ಟುತ್ತಿದ್ದರು. ಮುಂದೆ ಟೆಲಿವಿಷನ್ ಬಂತು, ಗಣಕಯಂತ್ರ ಬಂತು. ೧೯೯೦ರ ದಶಕದ ಕೊನೆಯಿಂದ ಅನಿಮೆಯ ಸರಕು ಬೀದಿಯನ್ನು ಆವರಿಸಿತು. ಇಂದು ಕಟ್ಟಡಗಳ ಎದೆಯ ಮೇಲೆ ಆಳೆತ್ತರದ ಕಣ್ಣುಗಳ ಬಾಲೆಯರು. ಒಳಗೆ ಗಾಜಿನ ಪೆಟ್ಟಿಗೆಗಳಲ್ಲಿ ಸಾಲುಸಾಲು ಗೊಂಬೆಗಳು. ಹೊಸಬನಿಗೆ ಅರ್ಧ ಗಂಟೆಯಲ್ಲಿ ಒಂದು ಸಂಗತಿ ಹೊಳೆಯುತ್ತದೆ: ಮುಖ ಒಂದೇ, ಬದಲಾಗುವುದು ಕೂದಲಿನ ಬಣ್ಣ, ಕನ್ನಡಕ, ಬೆಕ್ಕಿನ ಕಿವಿ, ಸೇವಕಿಯ ಉಡುಪು. ವಿಮರ್ಶಕ ಅಜುಮಾ ಹಿರೋಕಿ ೨೦೦೧ರ ತನ್ನ ಗ್ರಂಥದಲ್ಲಿ ಇದನ್ನೇ ವಿವರಿಸಿದ. ಅಭಿಮಾನಿಗಳು ಸವಿಯುವುದು ಕಥೆಯನ್ನಲ್ಲ, ಇಂಥ ಲಕ್ಷಣಗಳ ದಾಸ್ತಾನನ್ನು. ಪಾತ್ರವೆಂಬುದು ದಾಸ್ತಾನಿನಿಂದ ಆಯ್ದ ಭಾಗಗಳ ಜೋಡಣೆ ಎಂದು. ಬಿಡಿಭಾಗಗಳ ಪೇಟೆ ಬಿಡಿಭಾಗಗಳ ಪೇಟೆಯಾಗಿಯೇ ಉಳಿದಿದೆ.

ಪುಸ್ತಕದ ಮಳಿಗೆಗೆ ಹೋದರೂ ಇದೇ ಕಥೆ. ‘ಇಸೆಕಾಯ್’, ಎಂದರೆ ಅನ್ಯಲೋಕ, ಎಂಬ ಜಾತಿಯ ಕೃತಿಗಳಿಗೆ ಕಪಾಟುಗಳೇ ಮೀಸಲು. ಯಾರಿಗೂ ಬೇಡವಾದ ತರುಣನೊಬ್ಬ ಲಾರಿಗೆ ಸಿಕ್ಕಿ ಸಾಯುತ್ತಾನೆ; ಕೋಟೆ, ಕತ್ತಿ, ಮಾಟಗಳ ಲೋಕದಲ್ಲಿ ಮರುಹುಟ್ಟು ಪಡೆದು, ಬೆವರಿಳಿಸದೆ ಮಹಾವೀರನಾಗುತ್ತಾನೆ. ಆ ಲೋಕವಾದರೂ ಲೇಖಕ ಕಂಡದ್ದಲ್ಲ, ಕೇಳಿದ್ದಲ್ಲ. ಚಿಕ್ಕಂದಿನಲ್ಲಿ ಆಡಿದ ವಿಡಿಯೋ ಆಟದ್ದು. ಇದರ ಹಾವಳಿ ಎಷ್ಟೆಂದರೆ, ೨೦೧೬ರಲ್ಲಿ ಸಣ್ಣಕಥೆಯ ಸ್ಪರ್ಧೆಯೊಂದು ಅನ್ಯಲೋಕದ ಮರುಹುಟ್ಟಿನ ಕಥೆಗಳಿಗೆ ಪ್ರವೇಶವಿಲ್ಲವೆಂದು ನಿಯಮ ಮಾಡಬೇಕಾಯಿತು. ಮನುಷ್ಯರನ್ನು ಗಮನಿಸಿ ನೋಡದವರು ಅನಿಮೆ ತಯಾರಿಸುತ್ತಿದ್ದಾರೆ ಎಂದು ಹಿರಿಯ ನಿರ್ದೇಶಕ ಮಿಯಾಜಾಕಿ ಹಯಾವೋ ೨೦೧೪ರಲ್ಲಿ ಪ್ರಕಟವಾದ ಸಂದರ್ಶನದಲ್ಲಿ ನೊಂದುಕೊಂಡದ್ದಕ್ಕೆ ಈ ಕಪಾಟುಗಳಿಗಿಂತ ಸಾಕ್ಷಿ ಬೇಕಿಲ್ಲ.

ಹಾಗೆಂದು ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದು ಅನ್ಯಾಯ. ೨೦೨೦ರಲ್ಲಿ ಆರಂಭವಾದ ‘ಫ್ರೀರೆನ್’ ಎಂಬ ಮಾಂಗಾದಲ್ಲೂ ಅದೇ ಕತ್ತಿ, ಅದೇ ಮಾಟ. ಆದರೆ ಕಥೆ ಶುರುವಾಗುವುದು ರಾಕ್ಷಸರಾಜ ಸತ್ತ ಮೇಲೆ. ಸಾವಿರಾರು ವರ್ಷ ಬಾಳುವ ನಾಯಕಿ, ಹತ್ತು ವರ್ಷ ಜೊತೆಗಿದ್ದು ಮುದಿಯಾಗಿ ತೀರಿಕೊಂಡ ಗೆಳೆಯನನ್ನು ತಾನು ಅರಿತುಕೊಳ್ಳಲೇ ಇಲ್ಲವಲ್ಲಾ ಎಂದು ಅಳುತ್ತಾಳೆ. ಆ ಅಳು ಯಾವ ದಾಸ್ತಾನಿನಿಂದಲೂ ಬಂದದ್ದಲ್ಲ. ಯಾರದೋ ಸಾವಿನ ಮನೆಯಲ್ಲಿ ಕಣ್ಣಿಟ್ಟು ನಿಂತವರಿಗೆ ಮಾತ್ರ ಅದು ದಕ್ಕುತ್ತದೆ.

ಅಕಿಹಬರಾದ ರೈಲುಸೇತುವೆಯ ಕೆಳಗೆ ‘ರೇಡಿಯೋ ಸೆಂಟರ್’ ಎಂಬ ಹಳೆಯ ಸಂತೆ ಇನ್ನೂ ಉಸಿರಾಡುತ್ತಿದೆ. ಇಬ್ಬರು ಎದುರಾದರೆ ಭುಜ ತಾಗುವ ಓಣಿ; ಎರಡು ಬದಿಗೂ ಗುಂಡಿ, ತಂತಿ, ಕಂಡೆನ್ಸರುಗಳನ್ನು ಪುಟ್ಟ ಖಾನೆಗಳಲ್ಲಿ ತುಂಬಿಟ್ಟ ಗೂಡಂಗಡಿಗಳು. ಮೇಲೆ ರೈಲು ಹೋದಾಗ ಖಾನೆಗಳು ಗಡಗಡ ಎನ್ನುತ್ತವೆ. ಹೊರಗಿನ ಬೀದಿಯ ದೀಪಗಳ ಝಗಝಗ ಇಲ್ಲಿಗೆ ಬರುವುದಿಲ್ಲ. ಆಗೊಮ್ಮೆ ಈಗೊಮ್ಮೆ ಬರುವ ಗಿರಾಕಿಯ ಕೈಯಲ್ಲಿ ಕಾಗದದ ಚೂರೊಂದು ಇರುತ್ತದೆ. ತಾನು ಏನನ್ನು ಕಟ್ಟಹೊರಟಿದ್ದಾನೆಂಬುದರ ನಕ್ಷೆ ಅದರ ಮೇಲೆ.