ಜುಲು ನಾಡಿನ ದನದ ಹಟ್ಟಿಯಲ್ಲಿ

ದಕ್ಷಿಣ ಆಫ್ರಿಕದ ಡರ್ಬನ್ ನಗರದಲ್ಲಿ ಕಡಲಗಾಳಿಗೆ ಎದೆಯೊಡ್ಡಿ ನಿಂತ ಎತ್ತರದ ಕಟ್ಟಡಗಳುಂಟು, ಬ್ಯಾಂಕುಗಳುಂಟು, ಕಚೇರಿಗಳುಂಟು. ಅಂಥ ಕಚೇರಿಯೊಂದರಲ್ಲಿ ಕುಳಿತಿರುವ ಜುಲು ತರುಣನ ಉಡುಪು ಯಾವ ದೇಶದ ಗುಮಾಸ್ತನ ಉಡುಪಿಗೂ ಕಡಮೆಯದಲ್ಲ: ಇಸ್ತ್ರಿ ಮಾಡಿದ ಬಿಳಿಯ ಅಂಗಿ, ಟೈ, ಮೆರುಗು ಹಚ್ಚಿದ ಬೂಟು. ಆದರೆ ಕಾಗದಕ್ಕಾಗಿ ಕೈ ಚಾಚಿದಾಗ ಅಂಗಿಯ ತೋಳು ಹಿಂದೆ ಸರಿದು, ಮಣಿಕಟ್ಟಿನ ಮೇಲೆ ಕೂದಲೂ ಹೋಗದ ತೊಗಲಿನ ಪಟ್ಟಿಯೊಂದು ಕಾಣಿಸುವುದುಂಟು. ಅದು ಅಲಂಕಾರಕ್ಕೆ ಧರಿಸಿದ ಒಡವೆಯಲ್ಲ. ‘ಇಸಿಪಾಂಡ್ಲ’ ಎಂದು ಅದರ ಹೆಸರು. ಊರಿನ ಮನೆಯಲ್ಲಿ ಪಿತೃಗಳಿಗೆ ಅರ್ಪಿಸಿದ ಆಡಿನ ಅಥವಾ ದನದ ಚರ್ಮದಿಂದ ಕತ್ತರಿಸಿ ತೊಡಿಸಿದ ಕಂಕಣ ಅದು. ತಾನಾಗಿ ಸವೆದು ಬೀಳುವವರೆಗೆ ಅದನ್ನು ತೆಗೆಯುವಂತಿಲ್ಲ.

ಆ ಕಂಕಣವನ್ನು ಕಂಡು ಗೌರವದಿಂದ ತಲೆಯಾಡಿಸುವವರುಂಟು. ಮೂಗು ಮುಚ್ಚಿಕೊಳ್ಳುವವರೂ ಉಂಟು. ದೇವರ ಹೆಸರಿನಲ್ಲಿ, ಹಿರಿಯರ ಹೆಸರಿನಲ್ಲಿ ಪ್ರಾಣಿಯನ್ನು ಕೊಲ್ಲುವುದು ಸರಿಯೆ ಎಂಬ ಪ್ರಶ್ನೆ ಆ ದೇಶದಲ್ಲಿ ಮನೆಯ ಅಂಗಳದಿಂದ ಉಚ್ಚ ನ್ಯಾಯಾಲಯದವರೆಗೆ ನಡೆದುಹೋಗಿದೆ. ಅದನ್ನು ತಿಳಿಯಬೇಕಾದರೆ ಕಂಕಣದ ಜಾಡು ಹಿಡಿದು ಅದು ಹುಟ್ಟಿದ ಹಟ್ಟಿಗೆ ಹೋಗಬೇಕು.

ತುಗೇಲ ನದಿಯ ಆಚೆ

ಡರ್ಬನ್ನಿನಿಂದ ಉತ್ತರಕ್ಕೆ ಹೊರಟ ಪ್ರವಾಸಿಗನಿಗೆ ಮೊದಲು ಸಿಕ್ಕುವುದು ಕಬ್ಬಿನ ಗುಡ್ಡಗಳು. ಈ ಕಬ್ಬಿಗಾಗಿಯೇ 1860ರಿಂದ 1911ರವರೆಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಕರಾರಿನ ಕೂಲಿಗಳಾಗಿ ಹಡಗಿನಲ್ಲಿ ತಂದಿಳಿಸಿದರು. ಬಳಿಕ ತುಗೇಲ ನದಿ. ಒಂದು ಕಾಲದಲ್ಲಿ ಅದರ ಈಚೆಗೆ ಇಂಗ್ಲಿಷರ ನಟಾಲ್, ಆಚೆಗೆ ಜುಲು ಅರಸರ ರಾಜ್ಯ. ನದಿ ದಾಟಿ ಎಶೋವೆಯ ಏರನ್ನು ಹತ್ತಿ ಮುಂದುವರಿದರೆ ಉಲುಂಡಿ. ಅಲ್ಲಿಯ ಬಯಲಿನಲ್ಲಿ 1879ರ ಜುಲೈ 4ರಂದು ಜುಲು ಸೈನ್ಯ ಸೋತಿತು. ಸ್ವತಂತ್ರ ರಾಜ್ಯ ಮುರಿಯಿತು. ಇನ್ನೂ ಉತ್ತರಕ್ಕೆ, ಡರ್ಬನ್ನಿನಿಂದ ಸುಮಾರು 300 ಕಿಲೋಮೀಟರು ದೂರದಲ್ಲಿ, ರಾಜನ ಅರಮನೆಗಳಿರುವ ನೊಂಗೋಮ.

ದಾರಿಯುದ್ದಕ್ಕೂ ಗುಡ್ಡಗಳ ಇಳಿಜಾರಿನಲ್ಲಿ ಮನೆಗಳು ಚದರಿಕೊಂಡಿವೆ. ಕೆಲವಕ್ಕೆ ಹುಲ್ಲಿನ ಸೂರು, ಕೆಲವಕ್ಕೆ ತಗಡು. ಹಳೆಯ ಪದ್ಧತಿಯ ಮನೆವಾಳ್ತೆಯಲ್ಲಿ ಗುಡಿಸಲುಗಳು ವೃತ್ತಾಕಾರವಾಗಿ ನಿಂತಿರುವುವು; ವೃತ್ತದ ನಟ್ಟನಡುವೆ ಇರುವುದು ದನದ ಹಟ್ಟಿ. ಅದಕ್ಕೆ ‘ಇಸಿಬಾಯ’ ಎನ್ನುವರು. ಗುಡಿಸಲಿನ ನೆಲವನ್ನು ಸಗಣಿಯಿಂದ ಸಾರಿಸಿ ನುಣುಪು ಮಾಡಿರುವರು. ಸೋರೆ ಬುರುಡೆಯಲ್ಲಿ ಹಾಲು ಹುಳಿಯಾಗುತ್ತಿರುವುದು. ಗೋವಿನ ಸುತ್ತಲೇ ಬಾಳನ್ನು ಕಟ್ಟಿಕೊಂಡ ಜನರೆಂಬುದು ಮೊದಲ ನೋಟಕ್ಕೇ ತಿಳಿಯುವುದು.

ದನವೆಂದರೆ ಅವರಿಗೆ ಬರಿಯ ಸಂಪತ್ತಲ್ಲ. ಮದುವೆಯಲ್ಲಿ ಹೆಣ್ಣಿನ ಮನೆಗೆ ಸಲ್ಲುವುದು ದನ. ರೂಢಿಯ ಲೆಕ್ಕದಲ್ಲಿ ಹನ್ನೊಂದು. ದನದ ಮೈಯ ಬಣ್ಣಗಳಿಗೆ ಆ ಭಾಷೆಯಲ್ಲಿರುವ ಹೆಸರುಗಳೇ ಒಂದು ಕಾವ್ಯ. ಕೆನೆಬಣ್ಣದ ಮೇಲೆ ಕಂದು ಚುಕ್ಕೆ ಸಿಡಿದ ದನವನ್ನು ಬಾನಾಡಿಯ ಮೊಟ್ಟೆಗೆ ಹೋಲಿಸಿ ಕರೆಯುವರು. ಹೀಗೆ ಹೆಸರಿಟ್ಟು, ಬಣ್ಣವನ್ನು ಹಾಡಿ, ಕರುವಿನಿಂದ ಸಾಕಿದ ಪ್ರಾಣಿಯನ್ನೇ ಅವರು ಹಿರಿಯರಿಗೆ ಒಪ್ಪಿಸುವರು. ಹೊರಗಿನವನಿಗೆ ಇದೇ ಒಗಟು; ಅವರಿಗೆ ಇದೇ ಉತ್ತರ. ಪ್ರಿಯವಲ್ಲದುದನ್ನು ಕೊಟ್ಟರೆ ಅದು ಕೊಡುಗೆಯೆ?

ಮನೆಗೆ ಮರಳುವ ಹಿರಿಯ

ಮನೆಯ ಯಜಮಾನ ತೀರಿಕೊಂಡು ಸುಮಾರು ಒಂದು ವರ್ಷ ಕಳೆದ ಮೇಲೆ ‘ಉಕುಬುಯಿಸ’ ಎಂಬ ಕರ್ಮ ನಡೆಯುವುದು. ‘ಮರಳಿ ಕರೆತರುವುದು’ ಎಂದು ಆ ಮಾತಿನ ಅರ್ಥ. ಸತ್ತವನ ಚೇತನ ಅಲ್ಲಿಯವರೆಗೆ ಎಲ್ಲೋ ಅಲೆಯುತ್ತಿರುವುದೆಂದೂ ಅದನ್ನು ಮನೆಗೆ ಕರೆತಂದು ಹಿರಿಯರ ಸಾಲಿನಲ್ಲಿ ನಿಲ್ಲಿಸಬೇಕೆಂದೂ ನಂಬಿಕೆ. ದೂರದ ನಗರದಲ್ಲಿಯೋ ಗಣಿಯಲ್ಲಿಯೋ ಸತ್ತವನಾದರೆ, ಬೋರೆಯ ಜಾತಿಯ ಒಂದು ಮುಳ್ಳುಗಿಡದ ಕೊಂಬೆಯನ್ನು ಹಿಡಿದು ಬಂಧುಗಳು ಅವನು ಸತ್ತ ಸ್ಥಳಕ್ಕೆ ಹೋಗುವರು. ಕೊಂಬೆಯಲ್ಲಿ ಅವನನ್ನು ಆವಾಹಿಸಿ ಊರಿಗೆ ತರುವರು. ಬಸ್ಸಿನಲ್ಲಿ ಆ ಕೊಂಬೆಗೆ ಬೇರೆಯೇ ಚೀಟಿ ಕೊಳ್ಳುವವರುಂಟು. ‘ಈಗ ನದಿ ದಾಟುತ್ತಿದ್ದೇವೆ, ಊರು ಸಮೀಪಿಸಿತು’ ಎಂದು ಅದಕ್ಕೆ ದಾರಿಯುದ್ದಕ್ಕೂ ಹೇಳುತ್ತ ಬರುವರು.

ಕರ್ಮದ ದಿನ ‘ಇಂಪೆಪೊ’ ಎಂಬ ಒಣಸೊಪ್ಪಿನ ಧೂಪ ಹಾಕುವರು. ಹಿರಿಯನೊಬ್ಬನು ಕುಲದ ಬಿರುದುಗಳನ್ನು ಒಂದೊಂದಾಗಿ ಕರೆದು, ಕಾರ್ಯದ ಕಾರಣವನ್ನು ಪಿತೃಗಳಿಗೆ ನಿವೇದಿಸುವನು. ಆಮೇಲೆ ಹಟ್ಟಿಯಲ್ಲಿ ಎತ್ತಿನ ವಧೆ. ಮಾಂಸದ ಒಂದು ಪಾಲನ್ನು ಗುಡಿಸಲಿನ ಹಿಂಬದಿಯಲ್ಲಿ, ಹಿರಿಯರ ಸ್ಥಾನವೆನಿಸಿದ ‘ಉಮ್ಸಾಮೊ’ದಲ್ಲಿ, ರಾತ್ರಿಯೆಲ್ಲ ಇರಿಸುವರು. ಉಳಿದುದನ್ನು ವಯಸ್ಸು, ಬಂಧುತ್ವಗಳ ಕ್ರಮವರಿತು ಹಂಚುವರು. ನೆರೆಯವರು ಕರೆಯದೆಯೇ ಬರುವರು. ಮುನಿದ ಅಣ್ಣತಮ್ಮಂದಿರು ಒಂದೇ ಹಲಗೆಯ ಮಾಂಸಕ್ಕೆ ಕೈ ಹಾಕಬೇಕಾಗುವುದು. ಪ್ರಾಣಿಯ ಸಾವಿನಿಂದ ಮನೆ ಒಂದಾಯಿತೆಂದು ಅವರ ಭಾವನೆ.

ಕಷ್ಟವಿರುವುದು ವಧೆಯ ಕ್ಷಣದಲ್ಲಿ. ಈಟಿ ತಾಕಿದಾಗ ಎತ್ತು ಕೂಗಬೇಕು. ಆ ಕೂಗು ಹಿರಿಯರನ್ನು ಮುಟ್ಟಿದ ಸೂಚನೆ. ಪ್ರಾಣಿದಯಾ ಸಂಘದವನ ಕಿವಿಗಾದರೋ ಅದು ನೋವಿನ ಕೂಗು, ಬೇರೇನೂ ಅಲ್ಲ. ಒಂದೇ ಧ್ವನಿ, ಎರಡು ಅರ್ಥ. ವಿವಾದವೆಲ್ಲ ಈ ಎರಡು ಅರ್ಥಗಳ ನಡುವೆ ಹುಟ್ಟಿದುದು.

ನ್ಯಾಯಾಲಯದ ಮೆಟ್ಟಿಲು

2007ರ ಜನವರಿಯಲ್ಲಿ ಈ ವಿವಾದ ದೇಶದ ಮನೆಮಾತಾಯಿತು. ಆಳುವ ಪಕ್ಷದ ಮುಖ್ಯ ಸಚೇತಕರಾಗಿದ್ದ ಟೋನಿ ಯೆಂಗೇನಿಯವರು ವಂಚನೆಯ ಅಪರಾಧಕ್ಕಾಗಿ ಸೆರೆಮನೆಗೆ ಹೋಗಿ ಹೊರಬಂದಿದ್ದರು. ಕೇಪ್‌ಟೌನಿನ ಗುಗುಲೇತು ಬಡಾವಣೆಯ ತಂದೆಯ ಮನೆಯಲ್ಲಿ ಶುದ್ಧಿಕರ್ಮ ನಡೆಯಿತು. ಮೊದಲು ಈಟಿಯಿಂದ ಎತ್ತನ್ನು ತಿವಿದವರು ಅವರೇ. ಪ್ರಾಣಿದಯಾ ಸಂಘ ವಿಚಾರಣೆಗೆ ಹೊರಟಿತು. ಪತ್ರಿಕೆಗಳಲ್ಲಿ ವಾದ ಪ್ರತಿವಾದಗಳು ಹರಿದವು.

ಎರಡು ವರ್ಷಗಳ ಬಳಿಕ ಪ್ರಶ್ನೆ ನೊಂಗೋಮದ ಅರಮನೆಯನ್ನೇ ಮುಟ್ಟಿತು. ಅಲ್ಲಿಯ ಎನ್ಯೊಕೇನಿ ಅರಮನೆಯಲ್ಲಿ ಡಿಸೆಂಬರಿನಲ್ಲಿ, ಎಂದರೆ ಆ ನಾಡಿನ ಬೇಸಗೆಯಲ್ಲಿ, ‘ಉಕ್ವೆಶ್ವಾಮ’ ಎಂಬ ಹೊಸಫಲದ ಹಬ್ಬ ಜರುಗುವುದು. ರಾಜನು ಹೊಸ ಬೆಳೆಯ ರುಚಿ ನೋಡಿದ ಮೇಲೆಯೇ ಪ್ರಜೆಗಳು ಉಣ್ಣತಕ್ಕದ್ದು. ಇಂಗ್ಲಿಷರ ಕಾಲದಲ್ಲಿ ನಿಂತುಹೋಗಿದ್ದ ಈ ಹಬ್ಬಕ್ಕೆ ದೊರೆ ಗುಡ್‌ವಿಲ್ ಜ್ವೆಲಿತಿನಿಯವರು ಮತ್ತೆ ಜೀವ ಕೊಟ್ಟಿದ್ದರು. ಅದರಲ್ಲಿ ತರುಣ ಯೋಧರು ಆಯುಧವಿಲ್ಲದೆ ಬರಿಗೈಯಿಂದ ಒಂದು ಹೋರಿಯನ್ನು ಕೊಲ್ಲಬೇಕು. ಅದರ ಬಲ ರಾಜನಿಗೂ ರಾಷ್ಟ್ರಕ್ಕೂ ಸಲ್ಲುವುದೆಂದು ನಂಬಿಕೆ.

ಪ್ರಾಣಿಗಳ ಹಕ್ಕಿಗಾಗಿ ಹೋರಾಡುವ ಸಂಸ್ಥೆಯೊಂದು 2009ರಲ್ಲಿ ಪೀಟರ್‌ಮಾರಿಟ್ಸ್‌ಬರ್ಗಿನ ಉಚ್ಚ ನ್ಯಾಯಾಲಯದ ಮೊರೆಹೊಕ್ಕಿತು. ಹೋರಿ ನಲವತ್ತು ನಿಮಿಷಗಳ ಕಾಲ ನರಳುವುದೆಂದೂ ಅದರ ನಾಲಗೆಯನ್ನು ಕೀಳುವರೆಂದೂ ಬಾಯಿಗೆ ಮಣ್ಣು ತುಂಬುವರೆಂದೂ ಅದರ ಆರೋಪ. ಹಾಗಲ್ಲ, ಕತ್ತನ್ನು ತಿರುಚಿ ಕೆಲವೇ ನಿಮಿಷಗಳಲ್ಲಿ ಕೊಲ್ಲುವರು, ರಕ್ತವೇ ಹರಿಯದು ಎಂದು ಜುಲು ಇತಿಹಾಸಜ್ಞ ಪ್ರೊಫೆಸರ್ ಜಬುಲಾನಿ ಮಪಲಾಲ ಪ್ರಮಾಣ ಮಾಡಿ ಹೇಳಿದರು. ಇದನ್ನು ತಡೆಯುವುದು ಕ್ಯಾಥೊಲಿಕರ ಪ್ರಭುಭೋಜನವನ್ನು ನಿಲ್ಲಿಸುವುದಕ್ಕಿಂತಲೂ ಗಂಭೀರವೆಂಬ ಭಾವವನ್ನು ನ್ಯಾಯಮೂರ್ತಿ ವಾನ್ ಡರ್ ರೇಡೆನ್ ವಿಚಾರಣೆಯಲ್ಲಿ ವ್ಯಕ್ತಪಡಿಸಿದರು. ಡಿಸೆಂಬರ್ 4ರಂದು ಅರ್ಜಿ ವಜಾ ಆಯಿತು, ಹಬ್ಬ ನಡೆಯಿತು. ಜ್ವೆಲಿತಿನಿಯವರು 2021ರ ಮಾರ್ಚಿಯಲ್ಲಿ ತೀರಿಕೊಂಡರು. ಪ್ರಶ್ನೆ ಮಾತ್ರ ಅವರೊಡನೆ ತೀರಲಿಲ್ಲ.

ಗೋಡೆಯ ಈಚೆ, ಗೋಡೆಯ ಆಚೆ

ಆ ದೇಶದ ಕಾನೂನು ಮಧ್ಯದ ದಾರಿ ಹಿಡಿದಿದೆ. 1996ರ ಸಂವಿಧಾನ ಪ್ರತಿಯೊಬ್ಬನಿಗೂ ತನ್ನ ಧರ್ಮ, ಸಂಸ್ಕೃತಿಗಳಂತೆ ಬಾಳುವ ಹಕ್ಕನ್ನು ಕೊಟ್ಟಿತು. 2000ದ ಮಾಂಸ ಸುರಕ್ಷತಾ ಶಾಸನ, ಸಾಂಸ್ಕೃತಿಕ ಅಥವಾ ಧಾರ್ಮಿಕ ಕಾರ್ಯಕ್ಕಾಗಿ ಕಸಾಯಿಖಾನೆಯ ಹೊರಗೆ ವಧೆ ಮಾಡಲು ಅವಕಾಶವಿತ್ತಿತು. ಆ ಮಾಂಸವನ್ನು ಮಾರುವಂತಿಲ್ಲ. ಆದರೆ ಪ್ರಾಣಿಗಳನ್ನು ಕ್ರೌರ್ಯದಿಂದ ರಕ್ಷಿಸುವ 1962ರ ಶಾಸನವೂ ಜೊತೆಗೇ ನಿಂತಿದೆ. ಕೊಲ್ಲಬಹುದು, ಹಿಂಸಿಸಬಾರದು ಎಂದಂತಾಯಿತು. ಈ ಎರಡರ ನಡುವಣ ಗೆರೆಯನ್ನು ಎಳೆಯುವವರಾರು?

‘ಬಿಳಿಯರು ನಮ್ಮ ದನವನ್ನು ದೋಚಿದರು, ನಮ್ಮ ಕರ್ಮಗಳನ್ನು ಕಾಡುತನವೆಂದರು. ಅವರ ಕಸಾಯಿಖಾನೆಯಲ್ಲಿ ದಿನವೂ ಸಾಯುವ ದನಗಳಿಗೆ ಹೆಸರಿಲ್ಲ, ಪ್ರಾರ್ಥನೆಯಿಲ್ಲ. ಗೋಡೆಯ ಹಿಂದೆ ಕೊಂದರೆ ನಾಗರಿಕತೆ, ಅಂಗಳದಲ್ಲಿ ಕೊಂದರೆ ಅನಾಗರಿಕತೆಯೆ?’ ಎಂಬುದು ಒಂದು ಕಡೆಯ ವಾದ. ಇದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಮೇಜಿನ ಮೇಲೆ ಮಾಂಸವನ್ನಿಟ್ಟುಕೊಂಡೇ ನೆರೆಮನೆಯ ಬಲಿಯ ಮೇಲೆ ಪೊಲೀಸರಿಗೆ ದೂರು ಕೊಡುವವನ ದಯೆಯಲ್ಲಿ ಅರ್ಧ ಭಾಗ ಜಂಬವಿರುತ್ತದೆ. ಆದರೆ ಆತನ ಜಂಬದಿಂದ ಎತ್ತಿನ ನೋವು ಸುಳ್ಳಾಗದು. ಕಸಾಯಿಖಾನೆಯಲ್ಲಿ ಸಾಮಾನ್ಯವಾಗಿ ಪ್ರಾಣಿಗೆ ಮೊದಲು ಪ್ರಜ್ಞೆ ತಪ್ಪಿಸುವರು, ಹಟ್ಟಿಯಲ್ಲಿ ಹಾಗಿಲ್ಲ. ಕೂಗಬೇಕೆಂದೇ ತಿವಿಯುವುದಾದರೆ, ತಿವಿಸಿಕೊಂಡುದಕ್ಕೆ ಆ ಕರ್ಮದಲ್ಲಿ ಏನು ಪಾಲು?

ನಟಾಲಿನ ಭಾರತೀಯರಿಗೂ ಇದು ಪರರ ಜಗಳವಲ್ಲ. ಕಬ್ಬಿನ ತೋಟಗಳಿಗೆ ಬಂದ ಕೂಲಿಗಳು ತಮ್ಮೊಡನೆ ಮಾರಿಯಮ್ಮನನ್ನೂ ತಂದರು; ಅವಳಿಗೆ ಗಂಜಿಯ ಜೊತೆಗೆ ಕೋಳಿಯನ್ನೂ ಆಡನ್ನೂ ಒಪ್ಪಿಸಿದವರುಂಟು. ಕನ್ನಡಿಗರಂತೂ ಈ ಚರ್ಚೆಯನ್ನು ಎಂಟು ಶತಮಾನಗಳ ಹಿಂದೆಯೇ ಕೇಳಿರುವರು. 1209ರಲ್ಲಿ ಜನ್ನನು ರಚಿಸಿದ ಯಶೋಧರ ಚರಿತೆಯಲ್ಲಿ ಅರಸನು ಬಲಿ ಕೊಡುವುದು ಹಿಟ್ಟಿನ ಕೋಳಿಯನ್ನು. ಆದರೂ ಕೊಲ್ಲುವ ಸಂಕಲ್ಪಕ್ಕಾಗಿಯೇ ಜನ್ಮಜನ್ಮಾಂತರ ನವೆಯುವನು. ಜೈನ ಕವಿಗೆ ಸಂಕಲ್ಪವೇ ಪಾಪ. ಜುಲು ಹಿರಿಯನಿಗೆ ಸಂಕಲ್ಪದಿಂದಲೇ ವಧೆಯು ಪೂಜೆಯಾಗುವುದು. ಮನಸ್ಸಿನಲ್ಲಿದ್ದುದೇ ಮುಖ್ಯವೆನ್ನುವುದರಲ್ಲಿ ಇಬ್ಬರೂ ಒಂದೇ.

ಬದಲಾವಣೆ ಬರುವುದಾದರೆ ಹಟ್ಟಿಯ ಒಳಗಿನಿಂದಲೇ ಬರಬೇಕು. ಹೊರಗಿನ ತಿರಸ್ಕಾರ ಹೆಚ್ಚಿದಷ್ಟೂ ಕರ್ಮಕ್ಕೆ ಮಾನದ ಹಟವೂ ಸೇರುವುದು. ಹರಿತವಾದ ಅಲಗು, ಪಳಗಿದ ಕೈ, ಕಡಮೆ ನೋವು: ಇವನ್ನು ಕೇಳುವವನು ಮೊದಲು ಆ ಧೂಪದ ಬಳಿ ಗೌರವದಿಂದ ಕುಳಿತುಕೊಳ್ಳಬಲ್ಲವನಾಗಿರಬೇಕು.

ಡರ್ಬನ್ನಿನ ಕಚೇರಿಯಲ್ಲಿ ತರುಣನ ಮಣಿಕಟ್ಟಿನ ತೊಗಲು ದಿನದಿನಕ್ಕೆ ಒಣಗುತ್ತದೆ, ಬಿಗಿಯುತ್ತದೆ, ಕೂದಲು ಉದುರುತ್ತದೆ. ಮೊದಲ ದಿನಗಳಲ್ಲಿ ಅದಕ್ಕೊಂದು ವಾಸನೆಯುಂಟು. ಪಕ್ಕದ ಮೇಜಿನವರು ಕಿಟಕಿ ತೆರೆಯುವರು. ಅವನು ಅಂಗಿಯ ತೋಳನ್ನು ಮುಂದಕ್ಕೆಳೆದುಕೊಂಡು ಕೆಲಸ ಮಾಡುವನು. ಕತ್ತರಿಯಿಂದ ಅದನ್ನು ತೆಗೆಯುವುದು ಒಂದು ನಿಮಿಷದ ಕೆಲಸ. ಅವನು ತೆಗೆಯುವುದಿಲ್ಲ.