ಮೊದಲ ಪಂಕ್ತಿಯೋ, ಎರಡನೆಯದೋ: ಹಡಗಿನ ಟಿಕೆಟ್ಟಿನ ಲೆಕ್ಕ

ಮದುವೆ ಊಟದಲ್ಲಿ ಮೊದಲ ಪಂಕ್ತಿ, ಎರಡನೇ ಪಂಕ್ತಿ ಅಂತ ಇರುತ್ತದೆ. ಬಸ್ಸಿಗೆ ಹೊರಡಬೇಕಾದವರು, ಶುಗರ್ ಇರುವವರು, ಸಣ್ಣ ಮಕ್ಕಳನ್ನು ಕರೆದುಕೊಂಡು ಬಂದವರು ಮೊದಲ ಪಂಕ್ತಿಗೆ ಕೂರುತ್ತಾರೆ. ಮನೆಯವರು ಮತ್ತು ಬಡಿಸಿದವರು ಕೊನೆಗೆ. ಯಾರು ಯಾವ ಪಂಕ್ತಿಗೆ ಎನ್ನುವುದಕ್ಕೆ ಯಾರೂ ದುಡ್ಡು ಕೇಳುವುದಿಲ್ಲ.

ಸಾವಿರಾರು ಜನರನ್ನು ವಾರಗಟ್ಟಲೆ ಕಡಲಿನಲ್ಲಿ ತಿರುಗಿಸುವ ಕ್ರೂಸ್ ಹಡಗಿನಲ್ಲೂ ಇದೇ ಪಂಕ್ತಿ ಇದೆ. ಆದರೆ ಅಲ್ಲಿ ಪಂಕ್ತಿ ಆರಿಸುವುದಕ್ಕೂ ಟಿಕೆಟ್ ದರಕ್ಕೂ ಎಷ್ಟೋ ಕಡೆ ನಂಟಿದೆ. ಕಡಿಮೆ ದುಡ್ಡಿನ ಟಿಕೆಟ್ ತೆಗೆದುಕೊಂಡವರು ರಾತ್ರಿ ಎಷ್ಟು ಗಂಟೆಗೆ ಊಟಕ್ಕೆ ಕೂರಬೇಕು ಎಂದು ಕಂಪನಿ ಹೇಳುತ್ತದೆ. ಹೆಚ್ಚು ಕೊಟ್ಟವರು ತಾವೇ ಹೇಳಬಹುದು.

ಕ್ರೂಸಿಗೂ ನಮ್ಮ ತಾಲೂಕಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ. ಪಣಂಬೂರಿನ ನವಮಂಗಳೂರು ಬಂದರಿಗೆ ಮಳೆಗಾಲ ಕಳೆದ ಮೇಲೆ ವಿದೇಶಿ ಪ್ರವಾಸಿ ಹಡಗುಗಳು ಬರುತ್ತವೆ. ಕುದ್ರೋಳಿ, ಕದ್ರಿ, ಮೂಡುಬಿದಿರೆಯ ಸಾವಿರ ಕಂಬದ ಬಸದಿ ಅಂತ ಅವರನ್ನು ಬಸ್ಸಿನಲ್ಲಿ ಸುತ್ತಿಸುತ್ತಾರೆ. ಆ ಹಡಗುಗಳ ಸುದ್ದಿಯನ್ನು ನಾವು ಪ್ರತಿ ವರ್ಷ ಕಳಿಸುತ್ತೇವೆ. ಕರಾವಳಿಯ ಎಷ್ಟೋ ಹುಡುಗರು ಹೋಟೆಲ್ ಮ್ಯಾನೇಜ್‌ಮೆಂಟ್ ಕಲಿತು ಅಂಥ ಹಡಗುಗಳಲ್ಲಿ ಬಡಿಸುವ, ಕೋಣೆ ಸ್ವಚ್ಛ ಮಾಡುವ, ಅಡುಗೆ ಮಾಡುವ ಕೆಲಸಕ್ಕೆ ಹೋಗಿದ್ದಾರೆ. ಈಗ ಮಕ್ಕಳು ವಿದೇಶದಲ್ಲಿರುವ ಮನೆಗಳಿಂದ ಅಪ್ಪ ಅಮ್ಮನೂ ಪ್ರಯಾಣಿಕರಾಗಿ ಹೋಗತೊಡಗಿದ್ದಾರೆ.

ನಮ್ಮ ಪಕ್ಕದ ಮನೆಯ ಮಾಸ್ಟ್ರು ಮತ್ತು ಅವರ ಹೆಂಡತಿ ಅಂಥವರು. ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಅಲ್ಲಿನ ಸೌತಾಂಪ್ಟನ್ ಬಂದರಿನಿಂದ ಹೊರಟು ನಾರ್ವೆಯ ಕಡಲ ಕಣಿವೆಗಳನ್ನು ನೋಡಿ ಬರುವ ಏಳು ರಾತ್ರಿಗಳ ಪ್ರವಾಸಕ್ಕೆ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬೇಕು ಎಂದು ಅವಳ ಆಸೆ. ಎರಡು ದರಗಳ ಸ್ಕ್ರೀನ್‌ಶಾಟ್ ಕಳಿಸಿ, "ಅಣ್ಣ, ಅಪ್ಪನತ್ರ ಒಮ್ಮೆ ಕೂತು ಮಾತಾಡಿ. ನಾನು ಕೇಳಿದ್ರೆ ಕಡಿಮೆದೇ ಸಾಕು ಅಂತಾರೆ" ಎಂದು ಬರೆದಳು. ಎರಡು ದರಗಳ ನಡುವಿನ ವ್ಯತ್ಯಾಸ ಇಬ್ಬರಿಗೆ ಸೇರಿ ನಮ್ಮ ದುಡ್ಡಿನಲ್ಲಿ ಸುಮಾರು 22 ಸಾವಿರ ರೂಪಾಯಿ. ಹಡಗು ಅದೇ, ಕೋಣೆಯ ದರ್ಜೆ ಅದೇ, ಊಟವೂ ಅದೇ. ಕಡಿಮೆ ದರದಲ್ಲಿ ಇಲ್ಲದಿದ್ದದ್ದು ಎರಡು: ಕೋಣೆಯ ನಂಬರ್ ಆರಿಸುವ ಹಕ್ಕು, ರಾತ್ರಿ ಊಟದ ಹೊತ್ತು ಆರಿಸುವ ಹಕ್ಕು.

ಮಾಸ್ಟ್ರು ಸ್ಕ್ರೀನ್‌ಶಾಟ್ ನೋಡಿ, "ಊಟದ ಹೊತ್ತಿಗೆ 22 ಸಾವಿರವಾ? ಅದರಲ್ಲಿ ನಮ್ಮ ಮನೆಗೆ ಒಂದು ವರ್ಷದ ಅಕ್ಕಿ ಬರ್ತದೆ" ಎಂದರು. ಅವರ ಮಾತು ತೆಗೆದುಹಾಕುವಂಥದ್ದಲ್ಲ. ಆದರೆ ಅವರಿಗೆ ಶುಗರ್ ಇದೆ. ರಾತ್ರಿ ಊಟಕ್ಕೆ ಅರ್ಧ ಗಂಟೆ ಮೊದಲು ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ, ಏಳೂವರೆಗೆ ಊಟ. ನಮಗೆ ಈ ಲೆಕ್ಕ ಗಂಭೀರವಾಗಿ ಕಂಡದ್ದು ಅಲ್ಲಿ.

ಹಡಗಿನಲ್ಲಿ ಪಂಕ್ತಿ ಏಕೆ ಬೇಕು ಎಂದು ಮೊದಲು ತಿಳಿಯೋಣ. ಎರಡು ಮೂರು ಸಾವಿರ ಜನ ಪ್ರಯಾಣ ಮಾಡುವ ಹಡಗಿನ ಮುಖ್ಯ ಊಟದ ಹಾಲಿನಲ್ಲಿ ಎಲ್ಲರೂ ಒಂದೇ ಸಲ ಕೂರಲು ಜಾಗ ಇರುವುದಿಲ್ಲ. ಹಳೆಯ ಪದ್ಧತಿಯಲ್ಲಿ ಮೊದಲ ಪಂಕ್ತಿ ಸಂಜೆ 6ರ ಸುಮಾರಿಗೆ, ಎರಡನೆಯದು 8.30ರ ಸುಮಾರಿಗೆ. ಪ್ರಯಾಣ ಮುಗಿಯುವವರೆಗೂ ಅದೇ ಹೊತ್ತು, ಅದೇ ಮೇಜು, ಬಡಿಸುವವರೂ ಅವರೇ. ರಾತ್ರಿಯ ಹಾಡು, ನಾಟಕ, ಜಾದೂ ಕಾರ್ಯಕ್ರಮಗಳನ್ನೂ ಈ ಎರಡು ಪಂಕ್ತಿಗೆ ಹೊಂದುವ ಹಾಗೆ ಇಡುತ್ತಾರೆ. ಅಂದರೆ ಊಟದ ಹೊತ್ತು ನಿಗದಿಯಾದರೆ ನಿಮ್ಮ ಇಡೀ ಸಂಜೆಯೇ ನಿಗದಿಯಾದ ಹಾಗೆ.

2000ನೇ ಇಸವಿಯಲ್ಲಿ ನಾರ್ವೇಜಿಯನ್ ಕ್ರೂಸ್ ಲೈನ್ ಎಂಬ ಕಂಪನಿ 'ಫ್ರೀಸ್ಟೈಲ್' ಎಂಬ ಹೆಸರಿನಲ್ಲಿ ಈ ಕಟ್ಟು ಸಡಿಲಿಸಿತು. ಹಾಲ್ ತೆರೆದಿರುವ ಹೊತ್ತಿನಲ್ಲಿ ಯಾವಾಗ ಬೇಕಾದರೂ ಬನ್ನಿ ಎಂದಿತು. ಆಮೇಲೆ ರಾಯಲ್ ಕೆರಿಬಿಯನ್ 'ಮೈ ಟೈಮ್' ಎಂದೂ ಕಾರ್ನಿವಲ್ 'ಯುವರ್ ಟೈಮ್' ಎಂದೂ ಅಂಥದೇ ವ್ಯವಸ್ಥೆ ತಂದವು. ಹಳೆಯ ಪಂಕ್ತಿಯನ್ನೂ ಜೊತೆಗೆ ಉಳಿಸಿಕೊಂಡವು.

ಇನ್ನು ಕಡಿಮೆ ದರದ ಗುಟ್ಟು. ಸಂತೆಯಲ್ಲಿ ಸಂಜೆಯಾದ ಮೇಲೆ ಸೊಪ್ಪಿನ ಬೆಲೆ ಇಳಿಯುತ್ತದಲ್ಲ, ಹಾಗೆಯೇ ಇದು. ಹಡಗು ಬಂದರು ಬಿಟ್ಟ ಮೇಲೆ ಖಾಲಿ ಕೋಣೆಯಿಂದ ಕಂಪನಿಗೆ ಒಂದು ಪೈಸೆಯೂ ಹುಟ್ಟುವುದಿಲ್ಲ. ಆದ್ದರಿಂದ ದರ ಇಳಿಸಿಯಾದರೂ ತುಂಬಿಸುತ್ತಾರೆ. ಆದರೆ ಮೊದಲೇ ಪೂರ್ತಿ ದುಡ್ಡು ಕೊಟ್ಟವರಿಗೆ ಬೇಸರ ಆಗಬಾರದು. ಅದಕ್ಕೆ ಇಳಿಸಿದ ದರದಿಂದ ಕೆಲವು ಆಯ್ಕೆಗಳನ್ನು ತೆಗೆಯುತ್ತಾರೆ. ಬ್ರಿಟನ್ನಿನ ಪಿ ಅಂಡ್ ಒ ಕ್ರೂಸಸ್ 'ಸೆಲೆಕ್ಟ್', 'ಸೇವರ್' ಎಂಬ ಹೆಸರುಗಳಲ್ಲಿ ಟಿಕೆಟ್ ಮಾರಿದೆ. ಮೊದಲನೆಯದರಲ್ಲಿ ಕೋಣೆಯ ನಂಬರನ್ನು ನೀವೇ ಆರಿಸಬಹುದು, ಎರಡನೆಯದರಲ್ಲಿ ಕಂಪನಿ ಕೊಟ್ಟದ್ದೇ ಕೋಣೆ. ಹೀಗೆ ಆಯ್ಕೆ ಬಿಟ್ಟುಕೊಟ್ಟವರು ಸಿಕ್ಕಿದರೆ ಯಾವ ಪಂಕ್ತಿಯಲ್ಲಿ ಜಾಗ ಖಾಲಿ ಇದೆಯೋ ಅಲ್ಲಿ ಅವರನ್ನು ಕೂರಿಸಿ ಲೆಕ್ಕ ಸರಿ ಮಾಡಬಹುದು. ಇದು ಮೋಸವಲ್ಲ. ಮೊದಲೇ ಬರೆದಿರುತ್ತಾರೆ, ಸಣ್ಣ ಅಕ್ಷರದಲ್ಲಿ.

ದುಡ್ಡಿಗೂ ಊಟದ ಹೊತ್ತಿಗೂ ಇರುವ ನಂಟು ಎದ್ದು ಕಾಣುವುದು ಕುನಾರ್ಡ್ ಕಂಪನಿಯ 'ಕ್ವೀನ್ ಮೇರಿ 2' ಹಡಗಿನಲ್ಲಿ. 2004ರಲ್ಲಿ ಮೊದಲ ಯಾನ ಮಾಡಿದ ಈ ಹಡಗಿನಲ್ಲಿ ಸಾಮಾನ್ಯ ಕೋಣೆಯವರು ಬ್ರಿಟಾನಿಯಾ ಎಂಬ ದೊಡ್ಡ ಹಾಲಿನಲ್ಲಿ ಎರಡು ಪಂಕ್ತಿಗಳಲ್ಲಿ ಉಣ್ಣುತ್ತಾರೆ. ದುಬಾರಿ ಸೂಟ್‌ನವರಿಗೆ ಗ್ರಿಲ್ ಎಂಬ ಬೇರೆಯೇ ಊಟದ ಮನೆ. ಅಲ್ಲಿ ಅವರ ಮೇಜು ಅವರಿಗೇ ಕಾದಿರುತ್ತದೆ, ತೆರೆದಿರುವ ಹೊತ್ತಿನಲ್ಲಿ ಯಾವಾಗ ಬಂದರೂ ಸರಿ.

ಇಷ್ಟು ತಿಳಿದ ಮೇಲೆ ನಾವು ಹೋಗಿ ಕೂತದ್ದು ನಮ್ಮ ಜೊತೆ ಶಾಲೆಗೆ ಹೋದ ಗೆಳೆಯನ ಹತ್ತಿರ. ಅವನು ಹಡಗಿನ ಊಟದ ಹಾಲಿನಲ್ಲಿ ಬಡಿಸುವ ಕೆಲಸದಲ್ಲಿದ್ದಾನೆ. ಒಂದು ಕಾಂಟ್ರಾಕ್ಟ್ ಮುಗಿಸಿ ಊರಿಗೆ ಬಂದಿದ್ದ.

"ಬೇಕಾದಾಗ ಬನ್ನಿ ಅಂತ ಹೇಳಿದ್ರೆ ಎಂತ ಆಗ್ತದೆ ಗೊತ್ತುಂಟಾ ಮಾರಾಯ? ಎಲ್ಲರಿಗೂ ಹಸಿವಾಗುದು ಏಳೂವರೆಗೇ" ಎಂದು ನಕ್ಕ. ಆಗ ಬಾಗಿಲಲ್ಲಿ ಸಾಲು. ಮೇಜು ಖಾಲಿಯಾಗುವವರೆಗೆ ಕಾಯಬೇಕು. ಅಂದರೆ ಹೆಚ್ಚು ದುಡ್ಡು ಕೊಟ್ಟು ಹೊತ್ತು ಆರಿಸಿಕೊಂಡವರಿಗೂ ಆ ಹೊತ್ತಿಗೇ ಊಟ ಸಿಗುತ್ತದೆ ಎಂಬ ಖಾತ್ರಿ ಇಲ್ಲ. ಕಟ್ಟುನಿಟ್ಟಿನ ಪಂಕ್ತಿಯಲ್ಲಿ ಆ ಖಾತ್ರಿ ಇದೆ. 6 ಅಂದರೆ 6.

ಅವನು ಹೇಳಿದ ಇನ್ನೊಂದು ವಿಷಯ ನಮಗೆ ಹೊಳೆದೇ ಇರಲಿಲ್ಲ. ದಿನಾ ಒಂದೇ ಮೇಜಿಗೆ ಬರುವವರಾದರೆ ಎರಡನೇ ದಿನಕ್ಕೇ ಬಡಿಸುವವನಿಗೆ ಎಲ್ಲ ಗೊತ್ತಾಗುತ್ತದೆ. ಈ ಅಮ್ಮನಿಗೆ ಮೊಟ್ಟೆಯೂ ಆಗದು, ಆ ಅಜ್ಜನಿಗೆ ಸಕ್ಕರೆ ಇಲ್ಲದ ಚಹಾ, ನಾಳೆಗೆ ಇವರಿಗೆ ತರಕಾರಿ ಸಾರು ಮಾಡಲು ಅಡುಗೆ ಮನೆಗೆ ಇವತ್ತೇ ಹೇಳಬೇಕು, ಹೀಗೆ. ದಿನಕ್ಕೊಂದು ಮೇಜಿನಲ್ಲಿ ಕೂತರೆ ದಿನಕ್ಕೊಬ್ಬರಿಗೆ ಮೊದಲಿನಿಂದ ಹೇಳಬೇಕು. ಇಂಗ್ಲಿಷ್ ಬಾರದ ಹಿರಿಯರಿಗೆ ಇದು ಸಣ್ಣ ವಿಷಯವಲ್ಲ. ಮಾಸ್ಟ್ರ ಹೆಂಡತಿ ಶುದ್ಧ ಸಸ್ಯಾಹಾರಿ. ಅವರಿಗೆ ಸಮಯಕ್ಕಿಂತ ಅದೇ ಮುಖ ದಿನಾ ಕಾಣುವುದೇ ದೊಡ್ಡ ಧೈರ್ಯ.

ಟಿಪ್ಸಿನ ಲೆಕ್ಕವೂ ಇದರ ಜೊತೆ ಬದಲಾಯಿತು. ಮೊದಲೆಲ್ಲ ಕೊನೆಯ ರಾತ್ರಿ ಪ್ರಯಾಣಿಕರು ತಮಗೆ ಬಡಿಸಿದವನ ಕೈಗೆ ಲಕೋಟೆ ಕೊಡುತ್ತಿದ್ದರು. ಮೇಜು ದಿನಾ ಬದಲಾದರೆ ಲಕೋಟೆ ಯಾರಿಗೆ? ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಈಗ ದಿನಕ್ಕೆ ತಲೆಗೆ ಇಷ್ಟು ಎಂದು ಪ್ರಯಾಣಿಕರ ಖಾತೆಗೇ ಸೇವಾ ಶುಲ್ಕ ಹಾಕುತ್ತಾರೆ. ಟಿಕೆಟ್ ಕಡಿಮೆಗೆ ಸಿಕ್ಕಿತು ಎಂದು ಹೋದವರಿಗೆ ಕೊನೆಯ ದಿನ ಬಿಲ್ಲಿನಲ್ಲಿ ಇದು ಕಾಣುತ್ತದೆ.

"ನೀವೆಲ್ಲ ಎಷ್ಟೊತ್ತಿಗೆ ಉಣ್ಣುದು?" ಎಂದು ಕೇಳಿದೆವು. ಸಂಜೆ ಐದಕ್ಕೆ, ಮೊದಲ ಪಂಕ್ತಿ ಶುರುವಾಗುವ ಮುಂಚೆ, ಕೆಲಸಗಾರರ ಮೆಸ್ಸಿನಲ್ಲಿ ಹತ್ತು ನಿಮಿಷ. ಎರಡನೇ ಪಂಕ್ತಿ ಮುಗಿಸಿ, ಮರುದಿನದ ಮೇಜು ಜೋಡಿಸಿ ಮಲಗುವಾಗ ಹನ್ನೊಂದು ದಾಟಿರುತ್ತದೆ. 2013ರಲ್ಲಿ ಜಾರಿಗೆ ಬಂದ ಅಂತಾರಾಷ್ಟ್ರೀಯ ಕಡಲ ಕಾರ್ಮಿಕರ ಒಪ್ಪಂದದ ಪ್ರಕಾರ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, 7 ದಿನದಲ್ಲಿ ಕನಿಷ್ಠ 77 ಗಂಟೆ ವಿಶ್ರಾಂತಿ ಕೊಡಬೇಕು. ಆ 10 ಗಂಟೆಯನ್ನು ಎರಡು ತುಂಡು ಮಾಡಬಹುದು, ಒಂದು ತುಂಡು ಕನಿಷ್ಠ 6 ಗಂಟೆ ಇರಬೇಕು. ಬೆಳಗಿನ ತಿಂಡಿಗೂ ರಾತ್ರಿಯ ಎರಡು ಪಂಕ್ತಿಗೂ ಅದೇ ಜನ ನಿಲ್ಲುವುದು ಈ ತುಂಡು ವಿಶ್ರಾಂತಿಯಿಂದಲೇ. ಪ್ರಯಾಣಿಕರ ಊಟದ ಹೊತ್ತಿಗೆ ಎರಡು ದರ ಇದೆ. ಬಡಿಸುವವನ ಹೊತ್ತು ಯಾವ ದರಪಟ್ಟಿಯಲ್ಲೂ ಇಲ್ಲ.

ಮತ್ತೆ ಮಾಸ್ಟ್ರ ವಿಷಯಕ್ಕೆ ಬರೋಣ. ಕಡಿಮೆ ದರ ತೆಗೆದುಕೊಂಡು ಎರಡನೇ ಪಂಕ್ತಿ ಸಿಕ್ಕರೆ ಅವರು ಉಪವಾಸ ಬೀಳುವುದಿಲ್ಲ. ಇಂಥ ಹಡಗುಗಳಲ್ಲಿ ಬಫೆ ಊಟವೂ ಇರುತ್ತದೆ, ಟಿಕೆಟ್ಟಿನಲ್ಲೇ ಸೇರಿರುತ್ತದೆ. ಏಳೂವರೆಗೆ ತಟ್ಟೆ ಹಿಡಿದು ಅಲ್ಲಿ ಉಣ್ಣಬಹುದು. ಆದರೆ ಆಗ ಮಗಳು ಅಳಿಯ ಹಾಲಿನಲ್ಲಿ, ಅಪ್ಪ ಬಫೆಯಲ್ಲಿ. ಇಲ್ಲವೇ ಎಲ್ಲರೂ ಬಫೆಯಲ್ಲಿ. ಜೊತೆಗೆ ಕೂತು ಉಣ್ಣಬೇಕು ಎಂದೇ ಹೊರಟ ಪ್ರವಾಸವಲ್ಲವೇ ಅದು? ಇನ್ಸುಲಿನ್ ಹಾಕಿಕೊಂಡು ಊಟ ತಡವಾದರೆ ಶುಗರ್ ಇಳಿದು ಕೈ ನಡುಗಿ, ಬೆವರಿ, ತಲೆ ಸುತ್ತುತ್ತದೆ. ಶುಗರ್ ಇರುವವರ ಮನೆಯವರಿಗೆ ಇದನ್ನು ಹೇಳಬೇಕಾಗಿಲ್ಲ.

ನಮ್ಮ ತಕರಾರು ಇಷ್ಟೇ. ಊಟದ ಹೊತ್ತು ಒಬ್ಬರಿಗೆ ಇಷ್ಟ, ಇನ್ನೊಬ್ಬರಿಗೆ ಅಗತ್ಯ. ಹೊಸದಾಗಿ ಮದುವೆಯಾದವರು ಸೂರ್ಯಾಸ್ತ ನೋಡಿ ಎಂಟೂವರೆಗೆ ಉಣ್ಣಬೇಕು ಎನ್ನುವುದು ಇಷ್ಟ. ಮಾಸ್ಟ್ರಿಗೆ ಏಳೂವರೆ ಬೇಕಾಗಿರುವುದು ಅಗತ್ಯ. ಮೂಡುಬಿದಿರೆಯ ಕಡೆಯ ಜೈನರ ಮನೆಯ ಹಿರಿಯರು ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವುದು ವ್ರತ. ದರಪಟ್ಟಿ ಈ ಮೂವರಿಗೂ ಒಂದೇ ಬೆಲೆ ಹಾಕುತ್ತದೆ. ನಮ್ಮ ರೈಲ್ವೆಯ ಮೇಲೆ ನೂರು ದೂರು ಹೇಳುತ್ತೇವೆ. ಆದರೆ 60 ದಾಟಿದ ಗಂಡಸರಿಗೂ 45 ದಾಟಿದ ಹೆಂಗಸರಿಗೂ, ಜಾಗ ಇದ್ದರೆ, ಕೇಳದಿದ್ದರೂ ಕೆಳಗಿನ ಬರ್ತ್ ಕೊಡುವ ನಿಯಮ ಅಲ್ಲಿದೆ. ಅದಕ್ಕೆ ಬೇರೆ ದುಡ್ಡಿಲ್ಲ. ಮೊಣಕಾಲು ನೋವಿನವರಿಗೆ ಕೆಳಗಿನ ಬರ್ತ್ ಶೋಕಿಯಲ್ಲ ಎಂದು ಯಾರೋ ಯೋಚಿಸಿ ಬರೆದ ನಿಯಮ ಅದು.

ಕಡಿಮೆ ದರವೇ ಕೆಟ್ಟದ್ದು ಎಂದು ನಾವು ಹೇಳುತ್ತಿಲ್ಲ. ಆರೋಗ್ಯ ಗಟ್ಟಿ ಇರುವವರು, ಆರಕ್ಕೂ ಎಂಟೂವರೆಗೂ ಒಂದೇ ಹಸಿವಿನಿಂದ ಉಣ್ಣುವವರು ಧಾರಾಳವಾಗಿ ತೆಗೆದುಕೊಳ್ಳಲಿ. ಉಳಿದ ದುಡ್ಡಿನಲ್ಲಿ ಒಂದು ಊರು ಹೆಚ್ಚಿಗೆ ನೋಡಬಹುದು. ಆದರೆ ದುಡ್ಡು ಕಟ್ಟುವ ಮೊದಲು ನಾಲ್ಕು ಮಾತು ಕೇಳಿಕೊಳ್ಳಿ. ಈ ದರದಲ್ಲಿ ಊಟದ ಹೊತ್ತು ಯಾರು ತೀರ್ಮಾನಿಸುತ್ತಾರೆ? ಯಾವ ಪಂಕ್ತಿ ಎಂದು ಯಾವಾಗ ತಿಳಿಸುತ್ತಾರೆ? ಒಪ್ಪಿಗೆಯಾಗದಿದ್ದರೆ ಹಡಗು ಹತ್ತಿದ ಮೇಲೆ ಬದಲಾಯಿಸಬಹುದೇ? ಟಿಕೆಟ್ ಬಿಟ್ಟು ದಿನದ ಸೇವಾ ಶುಲ್ಕ ಎಷ್ಟು? ಶುಗರ್, ಬಿಪಿ, ಪಥ್ಯ ಏನಿದ್ದರೂ ಬುಕ್ ಮಾಡುವಾಗಲೇ ಬರವಣಿಗೆಯಲ್ಲಿ ತಿಳಿಸಿ, ಉತ್ತರವನ್ನು ಉಳಿಸಿಟ್ಟುಕೊಳ್ಳಿ. ಊಟದ ಹೊತ್ತು ಬದಲಾಗುವುದಾದರೆ ಇನ್ಸುಲಿನ್ ಬಗ್ಗೆ ನಿಮ್ಮ ಡಾಕ್ಟರ ಹತ್ತಿರ ಹೊರಡುವ ಮೊದಲೇ ಕೇಳಿ.

ಮಾಸ್ಟ್ರು ಕೊನೆಗೂ ಒಪ್ಪಿದ್ದು ಹೆಂಡತಿಯ ಮಾತಿಗೆ. "ಇಷ್ಟು ವರ್ಷ ಮಕ್ಕಳಿಗೆ ಗಂಟೆ ಹೊಡೆದದ್ದು ನೀವು. ಈಗ ಬೇರೆಯವರ ಗಂಟೆಗೆ ಕಾದು ತಲೆ ತಿರುಗಿ ಬೀಳುದು ಬೇಡ" ಎಂದರು ಅವರು. ಮಗಳು ಹೆಚ್ಚಿನ ದರವನ್ನೇ ಕಟ್ಟಿದಳು. ಗೆಳೆಯನ ಸಲಹೆಯಂತೆ ಏಳಕ್ಕೇ, ಸಾಲು ಬೆಳೆಯುವ ಮೊದಲು, ಹಾಲಿಗೆ ಹೋಗುವುದು, ಮೊದಲ ದಿನ ಸಿಕ್ಕಿದ ಬಡಿಸುವವನ ಮೇಜನ್ನೇ ದಿನಾ ಕೇಳುವುದು ಎಂದು ತೀರ್ಮಾನವಾಗಿದೆ. ಜೂನ್ ತಿಂಗಳಲ್ಲಿ ನಾರ್ವೆಯ ಕಡೆ ರಾತ್ರಿ ಹತ್ತಾದರೂ ಬೆಳಕಿರುತ್ತದೆ ಎಂದು ಹೇಳಿದಾಗ ಅಮ್ಮನಿಗೆ ಹೊಸ ಚಿಂತೆ ಶುರುವಾಯಿತು: ಹಾಗಾದರೆ ಸಂಜೆಯ ದೀಪ ಹಚ್ಚುವುದು ಎಷ್ಟೊತ್ತಿಗೆ? ಹಡಗಿನಲ್ಲಿ ಬೆಂಕಿ ಹಚ್ಚಲು ಬಿಡುವುದಿಲ್ಲ ಎಂದು ಅವರಿಗೆ ಯಾರಾದರೂ ಹೇಳಬೇಕು. ಆ ಕೆಲಸವನ್ನು ಮಗಳಿಗೆ ಬಿಟ್ಟಿದ್ದೇವೆ.