ಬಚ್ಚಲ ಒಲೆ

ಪಿಯುಸಿಯಲ್ಲಿದ್ದಾಗ ನನಗೊಂದು ಕಾಗದ ಬಂದಿತ್ತು. ನೋಟ್ಸಿನ ನಡುವೆ ಮಡಚಿಟ್ಟ, ಕಾಗುಣಿತದ ತಪ್ಪುಗಳೇ ತುಂಬಿದ್ದ ಪ್ರೇಮಪತ್ರ. ಅದು ಅಪ್ಪನ ಕೈಗೆ ಸಿಕ್ಕಿತು. ಅವರು ಒಂದು ಮಾತೂ ಆಡದೆ ಬಚ್ಚಲ ಒಲೆಗೆ ಹಾಕಿ, ಮೇಲೊಂದು ತೆಂಗಿನ ಗರಿ ತುರುಕಿದರು. ಆವತ್ತು ನೀರು ಸ್ವಲ್ಪ ಬೇಗ ಕಾಯಿತು, ಅಷ್ಟೆ.

ಮೊನ್ನೆ ರಾತ್ರಿ ತಂಗಿಯ ಮಗಳ ಫೋನು. ಒಂಬತ್ತನೇ ಕ್ಲಾಸು. "ದೊಡ್ಡಮ್ಮ, ಅಮ್ಮಂಗೆ ಹೇಳಲ್ಲ ಅಂದ್ರೆ ಒಂದು ಹೇಳ್ತೀನಿ" ಅಂದವಳು ಆಮೇಲೆ ಬರೀ ಮೂಗೆಳೆದಳು. ನಿಧಾನಕ್ಕೆ ಬಿಚ್ಚಿಕೊಂಡಿತು: ಟ್ಯೂಷನ್ನಿನ ಹುಡುಗ, ಎರಡು ತಿಂಗಳ ಗುಡ್ ನೈಟುಗಳು, 'ನನ್ಮೇಲೆ ನಂಬಿಕೆ ಇಲ್ವಾ' ಎಂಬ ಒತ್ತಾಯ, ಕೊನೆಗೆ ಕಳಿಸಬಾರದಿದ್ದ ಒಂದು ಫೋಟೋ. ಒಮ್ಮೆ ನೋಡಿದರೆ ಮಾಯವಾಗುವ ಹಾಗೇ ಕಳಿಸಿದ್ದಳಂತೆ. ಅವನು ಅಣ್ಣನ ಫೋನಿನಲ್ಲಿ ಪರದೆಯದೇ ಫೋಟೋ ಹೊಡೆದಿದ್ದ. ಈಗ ಇನ್ನೊಂದು ಬೇಕು, ಇಲ್ಲದಿದ್ದರೆ ಗ್ರೂಪಿಗೆ ಹಾಕುತ್ತಾನಂತೆ.

'ಬುದ್ಧಿ ಎಲ್ಲಿಟ್ಟಿದ್ದೆ' ಎಂಬ ಮಾತು ತುಟಿವರೆಗೆ ಬಂತು. ನುಂಗಿಕೊಂಡು "ಊಟ ಆಯ್ತಾ?" ಅಂದೆ. ಪೆದ್ದು ಪ್ರಶ್ನೆ. ಆದರೆ ಅಳು ನಿಲ್ಲಿಸಿ "ಇಲ್ಲ" ಅಂದಳು.

ಅಪ್ಪನ ಮೌನವನ್ನು ನಾನು ಬಹಳ ವರ್ಷ ದೊಡ್ಡತನ ಎಂದುಕೊಂಡಿದ್ದೆ. ಆ ದಿನದಿಂದಾಚೆ ಅವರಿಗೆ ನಾನು ಏನನ್ನೂ ಹೇಳಿಕೊಂಡಿಲ್ಲ ಎಂದು ಹೊಳೆದದ್ದು ಆ ರಾತ್ರಿ.

ಅಮ್ಮನಿಗೆ ಹೇಳದೆ ಆಗುವುದಿಲ್ಲ ಎಂದು ಒಪ್ಪಿಸಿ, ಬೆಳಗಿನ ಮೊದಲ ಬಸ್ಸಿಗೇ ಹೋದೆ. ನನ್ನ ಪಕ್ಕ ಕೂತು ಹೇಳಿದಳು. ತಂಗಿ ಫೋನ್ ಕಸಿದುಕೊಂಡು, ಹೆದರಿಸಲು ಅವನು ವಾಪಸ್ ಕಳಿಸಿದ್ದ ಚಿತ್ರವನ್ನು ಅವನ ಅಪ್ಪನಿಗೆ ಸಾಕ್ಷಿಯೆಂದು ಕಳಿಸಹೊರಟಳು. ಕೈ ಹಿಡಿದೆ. 18 ತುಂಬದವರ ಅಂಥ ಚಿತ್ರವನ್ನು ರವಾನಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಸೆಕ್ಷನ್ನಿನಲ್ಲಿ ಅಪರಾಧ. ಮೊದಲ ಸಲಕ್ಕೇ 5 ವರ್ಷದವರೆಗೆ ಸಜೆ. "ನಾನು ಇವಳ ತಾಯಿ ಕಣೇ!" ಅಂದಳು. ಕೋಪ ಬಂದ ತಾಯಂದಿರೇ ಹೀಗೆ ಎಡವುವುದು.

ಬೆದರಿಕೆಯ ಮೆಸೇಜು ಅಳಿಸಲಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದೆವು. 'ಟೇಕ್ ಇಟ್ ಡೌನ್' ಎಂಬ ಅಮೆರಿಕದ ಉಚಿತ ಸೇವೆಯಲ್ಲೂ ದಾಖಲಿಸಿದೆವು. ಚಿತ್ರ ನಮ್ಮ ಫೋನು ಬಿಟ್ಟು ಹೋಗುವುದಿಲ್ಲ. ಅದರ ಬೆರಳಚ್ಚಿನಂಥ ಒಂದು ಸಂಖ್ಯೆ ಮಾತ್ರ ಹೋಗುತ್ತದೆ, ಇನ್‌ಸ್ಟಾಗ್ರಾಮ್, ಫೇಸ್‌ಬುಕ್‌ಗಳು ಅದನ್ನು ಹಿಡಿದು ಚಿತ್ರವನ್ನು ತಡೆಯುತ್ತವೆ. ವಾಟ್ಸ್‌ಆ್ಯಪ್ ಚಾಟಿನೊಳಕ್ಕೆ ಅದರ ಕೈ ಎಟುಕದು.

"ಪೂರ್ತಿ ಅಳಿಸಿ ಹೋಗುತ್ತಾ ದೊಡ್ಡಮ್ಮ?"

ಹೌದು ಅನ್ನಲು ನನ್ನ ಹತ್ತಿರ ಒಲೆ ಇರಲಿಲ್ಲ.

ಮೂರನೇ ದಿನ ತಂಗಿ ತಾನಾಗಿಯೇ ಫೋನು ತಂದು ಮಗಳ ತಟ್ಟೆಯ ಪಕ್ಕ ಇಟ್ಟಳು. "ಚಾರ್ಜ್ ಹಾಕ್ಕೋ, ಸತ್ತೋಗಿದೆ" ಅಂದಳು.